ಅಗಳಿಯಣ್ಣನ ಬೆನ್ನಿಗೆ ಎರಡು ಮುಳ್ಳು ಬಂದದ್ದು

ಲೋಕ ಹೊಸದಾಗಿದ್ದ ಕಾಲ. ಎಷ್ಟು ಹೊಸದೆಂದರೆ, ಕಡಲಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಅಲೆಗೆ ದಡ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಬಂದು ಮುಟ್ಟಿ ನೋಡಿ, ನಾಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಏಡಿ ನೇರ ನಡೆಯಬೇಕೋ ಅಡ್ಡ ನಡೆಯಬೇಕೋ ಎಂದು ಯೋಚಿಸುತ್ತಾ ಕುಳಿತಿತ್ತು.

ಆ ಕಾಲದ ಕಥೆ ಇದು. ಹೇಳುವವಳು ನಾನು, ಮಲ್ಪೆಯ ಜಲಜಜ್ಜಿ. ಕೇಳುವವಳು ನನ್ನ ಮೊಮ್ಮಗಳು ಇಂಚರ. ಅವಳ ಬಲಗೈಯ ತೋರುಬೆರಳಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದೇನೆ. ಕಚ್ಚಿದವನು ಎದುರಿಗೇ ಇದ್ದಾನೆ. ಗಾಜಿನ ತೊಟ್ಟಿಯ ಮೂಲೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಾನೆ.

ನನ್ನ ಮಗ ಸುಕೇಶ, ಎಂದರೆ ಇಂಚರಳ ಅಪ್ಪ, ನಮ್ಮ ಚಾವಡಿಯಲ್ಲಿ ಸಮುದ್ರದ ನೀರಿನ ತೊಟ್ಟಿ ಇಟ್ಟಿದ್ದಾನೆ. ಅದರಲ್ಲಿ ಸಾಕಿ ಬೆಳೆಸಿದ ಹವಳ, ನಾಲ್ಕಾರು ಬಣ್ಣದ ಪುಟ್ಟ ಮೀನು, ಕೆಂಪು ಪಟ್ಟೆಯ ಒಂದು ಸೀಗಡಿ. ಎಲ್ಲರಿಗಿಂತ ಕಡೆಗೆ ಬಂದವನು ಇವನು. ಅಂಗಡಿಯವರು ಟ್ರಿಗರ್ ಮೀನು ಅನ್ನುತ್ತಾರೆ. ಬಂದು ಮೂರು ತಿಂಗಳಾಯಿತು, ಯಾರ ತಂಟೆಗೂ ಹೋದವನಲ್ಲ.

ಮೊನ್ನೆ ಸುಕೇಶ ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದು ತೊಳೆದ. ನೋಡಲು ಚಂದ ಕಾಣಲಿ ಎಂದು ಕಮಾನಿನ ಹಾಗೆ ಒತ್ತೊತ್ತಾಗಿ ಜೋಡಿಸಿದ. ಅಂದಿನಿಂದ ಇವನ ತಲೆ ಕೆಟ್ಟಿದೆ. ಕಲ್ಲು ಉರುಳಿಸುತ್ತಾನೆ, ಮರಳು ಊದುತ್ತಾನೆ, ಪುಟ್ಟ ಮೀನುಗಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಇವತ್ತು ಕಲ್ಲಿಗೂ ಪೈಪಿಗೂ ನಡುವೆ ನುಗ್ಗಿ ಬೆನ್ನಿನ ಮುಳ್ಳು ಎತ್ತಿ ನಿಂತುಬಿಟ್ಟ. ಸಿಕ್ಕಿಕೊಂಡಿದ್ದಾನೆ, ಪಾಪ, ಬಿಡಿಸೋಣ ಎಂದು ಇಂಚರ ಆ ಮುಳ್ಳು ಹಿಡಿದು ಎಳೆದಳು. ಕಚ್ಚದೆ ಇನ್ನೇನು ಮಾಡುತ್ತಾನೆ?

"ನಾಳೆ ಬೆಳಿಗ್ಗೆಯೇ ಅಂಗಡಿಗೆ ವಾಪಸ್," ಎಂದು ಸುಕೇಶ ಹೇಳಿಯಾಗಿದೆ.

"ಅವನು ಕೆಟ್ಟವನು ಅಜ್ಜಿ. ಹೋಗ್ಲಿ," ಎಂದಳು ಇಂಚರ, ಮೂಗು ಒರೆಸಿಕೊಂಡು.

"ಆಯ್ತು ಮಾರಾಯ್ತಿ, ಕೆಟ್ಟವನೇ. ಕಥೆ ಕೇಳು, ಆಮೇಲೆ ಇನ್ನೊಂದು ಸಲ ಹೇಳು," ಎಂದೆ ನಾನು.

ಕಡಲ ತಳದಲ್ಲಿ ಹವಳದಜ್ಜಿ ಇದ್ದಳು. ನನಗಿಂತ ಹಿರಿಯಳು, ಮಾತು ಮಾತ್ರ ನನಗಿಂತ ಕಡಿಮೆ. ಹುಟ್ಟಿದ ಕಡೆಯೇ ಬೇರುಬಿಟ್ಟು ಕುಳಿತವಳು. ದಿನಕ್ಕೊಂದು ಎಳ್ಳಿನಷ್ಟು ಬೆಳೆದು ಬೆಳೆದು ಒಂದು ಊರಿನಷ್ಟಾಗಿದ್ದಳು. ಅವಳ ಕೊಂಬೆ ಕೊಂಬೆಯ ನಡುವೆ ಗೂಡು. ಮಡಿಲಲ್ಲಿ ಗೂಡು. ಸೊಂಟದ ಸಂದಿಯಲ್ಲಿ ಗೂಡು.

ಒಂದು ದಿನ ಅಜ್ಜಿ ಅಲೆಯನ್ನು ಕರೆದಳು.

"ಏ ಅಲೆ, ಇಷ್ಟು ಗೂಡು ಖಾಲಿ ಬಿದ್ದಿದೆ. ಕಡಲಿನ ಮಕ್ಕಳಿಗೆ ಮನೆ ಇಲ್ಲ. ಎಲ್ಲರನ್ನೂ ಕರ್ಕೊಂಡು ಬಾ. ಒಬ್ಬರನ್ನೂ ಬಿಡ್ಬೇಡ."

ಅಲೆ ಹೋಯಿತು. ಗಿಳಿಮೀನನ್ನು ಕರೆಯಿತು, ಚಿಟ್ಟೆಮೀನನ್ನು ಕರೆಯಿತು, ಹಾವುಮೀನನ್ನು ಕರೆಯಿತು. ಏಡಿಯನ್ನು ಕರೆಯಿತು, ಸೀಗಡಿಯನ್ನು ಕರೆಯಿತು.

ದೂರದ ಮರಳುಬಯಲಿನಲ್ಲಿ ಇನ್ನೊಬ್ಬನಿದ್ದ. ಪಕ್ಕದಿಂದ ನೋಡಿದರೆ ಊಟದ ತಟ್ಟೆಯಷ್ಟು ಅಗಲ, ಎದುರಿನಿಂದ ನೋಡಿದರೆ ಒಂದು ಗೆರೆ. ಅಲೆ ಬಂದಾಗ ಅವನು ಅದಕ್ಕೆ ಎದುರಾಗಿ ನಿಂತಿದ್ದ. ಯಾವುದೋ ಹುಲ್ಲಿನ ಎಸಳು ಎಂದುಕೊಂಡು ಅಲೆ ಹಾಗೇ ದಾಟಿ ಹೋಯಿತು. ಅವನ ಹೆಸರು ಚಪ್ಪಟೆಯಣ್ಣ.

ಎಲ್ಲರೂ ಹವಳದಜ್ಜಿಯ ಮುಂದೆ ಸಾಲಾಗಿ ನಿಂತರು. ಅಜ್ಜಿ ಒಬ್ಬೊಬ್ಬರನ್ನೇ ಕರೆದಳು. "ಬಾ ಮಗ, ಎಷ್ಟು ಉದ್ದ ಇದ್ದಿ? ತಗೋ, ಇದು ನಿನ್ನ ಮನೆ." ಉದ್ದದವನಿಗೆ ಉದ್ದದ ಗೂಡು. ದುಂಡನೆಯವನಿಗೆ ದುಂಡನೆಯ ಗೂಡು. ನಾಚಿಕೆಯವರಿಗೆ ಹಿಂದುಗಡೆಯ ಗೂಡು.

ಎಲ್ಲ ಮುಗಿದು, ಮನೆ ಹೊಕ್ಕವರು ಕಸ ಗುಡಿಸುತ್ತಿರುವಾಗ ಚಪ್ಪಟೆಯಣ್ಣ ಏದುಸಿರು ಬಿಡುತ್ತಾ ಬಂದ.

"ಅಜ್ಜಿ, ನಂಗೂ ಒಂದು ಮನೆ."

ಹವಳದಜ್ಜಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಒಂದು ಗೂಡೂ ಉಳಿದಿರಲಿಲ್ಲ. ಉಳಿದಿದ್ದದ್ದು ಅವಳ ಬುಡದಲ್ಲಿ ಒಂದು ಬಿರುಕು. ಮುಂದೆಯೂ ಬಾಗಿಲಿಲ್ಲ, ಹಿಂದೆಯೂ ಗೋಡೆಯಿಲ್ಲ. ಇಳಿತದ ನೀರು ಆ ಕಡೆಯಿಂದ ನುಗ್ಗಿ ಈ ಕಡೆಯಿಂದ ಹೊರಗೆ ಹೋಗುತ್ತಿತ್ತು.

"ಇದೊಂದೇ ಉಂಟು ಮಗ," ಎಂದಳು ಅಜ್ಜಿ.

"ಸಾಕಜ್ಜಿ. ನಂಗೆ ಇದೇ ಸಾಕು," ಎಂದ ಅವನು. ಅಷ್ಟು ಖುಷಿ ಅವನಿಗೆ.

ಸಂಜೆಯಾಯಿತು. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮಲಗಿದರು. ಚಪ್ಪಟೆಯಣ್ಣ ಬಿರುಕಿನೊಳಗೆ ಹೋಗಿ ಕಣ್ಣು ಮುಚ್ಚಿದ. ಇನ್ನೇನು ನಿದ್ದೆ ಹತ್ತಬೇಕು, ಇಳಿತದ ನೀರು ಬಂದು ಸುಂಯ್ ಎಂದು ಅವನನ್ನು ಹೊರಗೆ ಎಳೆದುಕೊಂಡು ಹೋಯಿತು. ಎಲ್ಲಿಗೆ? ಶಾರ್ಕುಗಳು ತಿರುಗುವ ಬಯಲು ನೀರಿಗೆ. ಅವನು ಎದ್ದೆನೋ ಬಿದ್ದೆನೋ ಎಂದು ಈಜಿ ವಾಪಸ್ ಬಂದ.

ಮತ್ತೆ ಮಲಗಿದ. ಮತ್ತೆ ಎಳೆದುಕೊಂಡು ಹೋಯಿತು. ಮತ್ತೆ ಬಂದ.

ಮರುದಿನವೂ ಹೀಗೆ. ಅದರ ಮರುದಿನವೂ ಹೀಗೆ. ನಿದ್ದೆಯಲ್ಲಿ ಎಲ್ಲಿ ಎಳೆದುಕೊಂಡು ಹೋಗುತ್ತದೋ ಎಂಬ ಹೆದರಿಕೆಗೆ ಅವನು ಮಲಗುವುದನ್ನೇ ಬಿಟ್ಟ. ಹಿಂದೆ ಶಾರ್ಕ್ ಬಂತೋ, ಮೇಲೆ ಬಂತೋ ಎಂದು ನೋಡಿ ನೋಡಿ ಅವನ ಕಣ್ಣುಗಳು ಬಾಯಿಯ ಹತ್ತಿರದಿಂದ ಸರಿಯುತ್ತಾ ಸರಿಯುತ್ತಾ ಬೆನ್ನಿನ ಹತ್ತಿರಕ್ಕೆ ಹೋಗಿ ನಿಂತವು. ನೋಡು ಇಂಚರಾ, ಈಗಲೂ ಅಲ್ಲೇ ಇವೆ.

ನಿದ್ದೆ ಇಲ್ಲದವರ ಸಿಟ್ಟು ನಿನಗೆ ಗೊತ್ತಲ್ಲ? ಶಾಲೆಗೆ ಎಬ್ಬಿಸಿದರೆ ನೀನು ನನ್ನ ಮೇಲೆ ಹಾರುವುದಿಲ್ಲವೇ? ಒಂದು ದಿನಕ್ಕೆ ನಿನ್ನ ಅವತಾರ ಅಷ್ಟಾದರೆ, ತಿಂಗಳುಗಟ್ಟಲೆ ಮಲಗದವನ ಗತಿ ಏನು ಹೇಳು.

ಚಿಟ್ಟೆಮೀನು ಪಕ್ಕದಲ್ಲಿ ಹೋದರೆ ಚಪ್ಪಟೆಯಣ್ಣ ಅಟ್ಟಿಸಿಕೊಂಡು ಹೋದ. ಏಡಿ ಮನೆಮುಂದೆ ಸದ್ದು ಮಾಡಿದರೆ ಏಡಿಯ ಕಲ್ಲು ಎತ್ತಿ ಆಚೆ ಎಸೆದ. ಬಿರುಕಿಗೆ ಬಾಗಿಲಾಗಲಿ ಎಂದು ಊರವರ ಮನೆಯ ಕಲ್ಲುಗಳನ್ನೆಲ್ಲ ಕಚ್ಚಿ ತಂದ. ಅಡ್ಡ ಇಡಲು ಮರಳು ಬೇಕೆಂದು ಫೂ ಫೂ ಎಂದು ಊದಿದ. ಮರಳೆಲ್ಲ ಎದ್ದು ಎಲ್ಲರ ಅಡುಗೆಮನೆಗೆ ಬಿತ್ತು. ಇಳಿತ ಬಂದಾಗ ಕಲ್ಲೂ ಹೋಯಿತು, ಮರಳೂ ಹೋಯಿತು, ಅವನೂ ಹೋದ.

ಊರವರು ರೋಸಿಹೋದರು. ಅವರದ್ದೂ ತಪ್ಪಲ್ಲ ಬಿಡು. ದಿನಾ ಕಚ್ಚಿಸಿಕೊಳ್ಳುವುದು ಯಾರಿಗೆ ಬೇಕು?

ಊರಿಗೆ ಗಿಳಿಮೀನು ಗುರಿಕಾರ. ಗುರಿಕಾರನೆಂದರೆ ನಮ್ಮ ಮೊಗವೀರ ಮೀನುಗಾರರ ಊರುಗಳಲ್ಲಿ ಇರುವ ಹಾಗೆಯೇ, ಸಭೆ ಕರೆಯುವವನು, ಕಡೆಯ ಮಾತು ಹೇಳುವವನು. ಹಸಿರು ಶಾಲು ಹೊದ್ದವನ ಹಾಗೆ ಮೈಬಣ್ಣ ಬೇರೆ. ಸಭೆ ಸೇರಿತು. ಚಿಟ್ಟೆಮೀನು ತನ್ನ ಹರಿದ ರೆಕ್ಕೆ ತೋರಿಸಿತು. ಏಡಿ ತನ್ನ ಮನೆಯ ಕಲ್ಲು ಹೋದ ಕಥೆ ಹೇಳಿತು.

ಗುರಿಕಾರ ಗಿಳಿಮೀನು ಗಂಟಲು ಸರಿಮಾಡಿಕೊಂಡಿತು. "ಇವತ್ತಿಗೆ ಮೂರನೇ ದಿನ, ಸೂರ್ಯ ಹುಟ್ಟುವ ಹೊತ್ತಿಗೆ ಅವನು ಊರು ಬಿಡ್ಬೇಕು. ಬಿಡದಿದ್ರೆ ನಾವೇ ಎಳೆದು ಹಾಕುವುದು. ಇದು ಸಭೆಯ ಮಾತು."

ಊರು ಬಿಟ್ಟರೆ ಎಲ್ಲಿಗೆ? ಬಯಲು ನೀರಿಗೆ. ಅಲ್ಲಿ ಯಾರಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ತಲೆಯಾಡಿಸಿ ಒಪ್ಪಿದರು.

ಹವಳದಜ್ಜಿ ಮಾತ್ರ ನಿಟ್ಟುಸಿರು ಬಿಟ್ಟಳು. ಅವಳು ಮನೆ ಕೊಡುವವಳು, ಸಭೆಯ ಮಾತಿಗೆ ಅಡ್ಡ ಬರುವವಳಲ್ಲ.

ಈಗ ಸಭೆಯ ಮಾತನ್ನು ಚಪ್ಪಟೆಯಣ್ಣನಿಗೆ ಹೇಳುವವರು ಯಾರು? ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ಸರಿದು ಸರಿದು ಕಡೆಗೆ ಮುಂದೆ ಉಳಿದವಳು ಸೀಗಡಿ ಚಿಕ್ಕಿ, ಊರಿಗೆಲ್ಲ ಚಿಕ್ಕಮ್ಮ.

ಸೀಗಡಿ ಚಿಕ್ಕಿಯ ಕೆಲಸ ಮೀನುಗಳ ಹಲ್ಲು ತೊಳೆಯುವುದು. ಹವಳದಜ್ಜಿಯ ಭುಜದ ಮೇಲೆ ಅವಳ ಕಟ್ಟೆ. ಅವಳ ಕೆಲಸಕ್ಕೆ ಒಂದು ಕಟ್ಟುನಿಟ್ಟು ಉಂಟು. ಮೀಸೆಯಿಂದ ಕೆನ್ನೆಗೆ ಮೂರು ಸಲ ತಟ್ಟುತ್ತಾಳೆ: ಟಕ್, ಟಕ್, ಟಕ್. ತಟ್ಟಿದ ಕೂಡಲೇ ಬಾಯಿ ತೆರೆಯಬೇಕು. ಅವಳು ಒಳಗೆ ಹೋಗಿ ಸಿಕ್ಕಿದ್ದು, ಕೊಳೆತದ್ದು ಎಲ್ಲ ತೆಗೆಯುತ್ತಾಳೆ. ಹೊರಗೆ ಬಂದು ಎರಡು ಸಲ ತಟ್ಟುವ ತನಕ ಬಾಯಿ ಮುಚ್ಚುವಂತಿಲ್ಲ. ಎಷ್ಟು ಹಸಿದ ಮೀನೂ ಆ ಮಾತು ಮೀರಿದ್ದಿಲ್ಲ.

"ನಿನ್ನನ್ನು ಯಾರೂ ತಿನ್ನುವುದಿಲ್ಲ ಚಿಕ್ಕಿ. ನೀನೇ ಹೋಗು," ಎಂದಿತು ಗಿಳಿಮೀನು, ಎರಡು ಮಾರು ಹಿಂದೆ ನಿಂತು.

ಚಪ್ಪಟೆಯಣ್ಣ ಒಂದು ಸಲವೂ ಅವಳ ಕಟ್ಟೆಗೆ ಬಂದವನಲ್ಲ. ಸಾಲಿನಲ್ಲಿ ನಿಂತವರು ಇವನನ್ನು ಕಂಡು ಓಡಿಹೋಗುತ್ತಿದ್ದರು, ಅದಕ್ಕೆ ಇವನೂ ಹೋಗುತ್ತಿರಲಿಲ್ಲ. ಮೇಲಾಗಿ ಅವನಿಗೆ ಚಿಪ್ಪಿರುವುದನ್ನು ಕಟುಂ ಕಟುಂ ಎಂದು ತಿನ್ನುವುದೆಂದರೆ ಪ್ರಾಣ. ಸೀಗಡಿ ಚಿಕ್ಕಿ ತಲೆಯಿಂದ ಬಾಲದ ತನಕ ಬರೀ ಚಿಪ್ಪು. ಆದರೂ ಹೋದಳು.

ಬಿರುಕಿನ ಮುಂದೆ ಅವನು ನಿಂತಿದ್ದ. ಹಲ್ಲು ಕಾಣುತ್ತಿತ್ತು. "ಎಂತ ಬಂದದ್ದು?" ಎಂದು ಗುರ್ ಎಂದ.

ಹೆದರಿಕೆಗೆ ಚಿಕ್ಕಿಗೆ ಸಭೆಯ ಮಾತೇ ಮರೆತುಹೋಯಿತು. ಏನು ಮಾಡಬೇಕೆಂದು ತೋಚದೆ, ದಿನಾ ಮಾಡುವ ಕೆಲಸವನ್ನೇ ಮಾಡಿಬಿಟ್ಟಳು. ಮೀಸೆ ಎತ್ತಿ ಅವನ ಕೆನ್ನೆಗೆ ತಟ್ಟಿದಳು.

ಟಕ್, ಟಕ್, ಟಕ್.

ಚಪ್ಪಟೆಯಣ್ಣ ಬೆಪ್ಪಾದ. ಹುಟ್ಟಿದಂದಿನಿಂದ ಯಾರೂ ಅವನ ಕೆನ್ನೆ ಮುಟ್ಟಿರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

ಚಿಕ್ಕಿ ಒಳಗೆ ಹೋದಳು. ದವಡೆಯ ಮೂಲೆಯಲ್ಲಿ ಒಂದು ಚಿಪ್ಪಿನ ಚೂರು ಚುಚ್ಚಿಕೊಂಡು ಬಾವು ಬಂದಿತ್ತು. ನಿಧಾನವಾಗಿ ಎಳೆದು ತೆಗೆದಳು. ಕೆಲಸ ಮಾಡುತ್ತಾ ಮಾತಾಡುವುದು ಅವಳ ಅಭ್ಯಾಸ. "ಅಯ್ಯೋ ಮಗ, ಎಷ್ಟು ದಿನದಿಂದ ನೋವು? ನಿನ್ನ ಕಣ್ಣು ಎಂತ ಇಷ್ಟು ಕೆಂಪು? ಸರಿ ಮಲಗಿದ್ದು ಯಾವಾಗ?"

ಅವಳು ಹೊರಗೆ ಬಂದು ಎರಡು ಸಲ ತಟ್ಟಿದಳು. ಅವನು ಬಾಯಿ ಮುಚ್ಚಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಕಡಲು ಉಪ್ಪಾದದ್ದು ಅದಕ್ಕೇ ಎಂದು ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಒಬ್ಬನ ಅಳುವಿಗೆ ಅಷ್ಟು ಉಪ್ಪು ಎಲ್ಲಿಂದ ಬರಬೇಕು?

"ಚಿಕ್ಕಿ, ನಾನು ಮಲಗಿದ್ರೆ ನೀರು ಎಳ್ಕೊಂಡು ಹೋಗ್ತದೆ. ನಂಗೆ ಬಾಗಿಲಿಲ್ಲ," ಎಂದ.

ಸೀಗಡಿ ಚಿಕ್ಕಿ ಆ ಬಿರುಕನ್ನು ನೋಡಿದಳು, ಅವನನ್ನು ನೋಡಿದಳು. ಸಭೆಯ ಮಾತು ಈಗ ನೆನಪಾಯಿತು. ಹೇಳಿಯೇ ತೀರಬೇಕಲ್ಲ, ಹೇಳಿದಳು. "ಮೂರು ದಿನ," ಎಂದ ಅಷ್ಟೇ. ಸಿಟ್ಟು ಮಾಡಿಕೊಳ್ಳಲೂ ಅವನಲ್ಲಿ ತ್ರಾಣ ಇರಲಿಲ್ಲ.

ಚಿಕ್ಕಿ ಸೀದಾ ಹವಳದಜ್ಜಿಯ ಹತ್ತಿರ ಹೋದಳು.

"ಅಜ್ಜಿ, ನೀವು ಅವನಿಗೆ ಮನೆ ಕೊಟ್ಟದ್ದಲ್ಲ. ತೂತು ಕೊಟ್ಟದ್ದು," ಎಂದು ಮುಖಕ್ಕೇ ಹೇಳಿದಳು. ಅಷ್ಟು ಸಣ್ಣ ಜೀವ, ಅಷ್ಟು ದೊಡ್ಡವಳಿಗೆ!

ಹವಳದಜ್ಜಿ ತನ್ನ ಬುಡದ ಬಿರುಕನ್ನು ನೋಡಿದಳು. "ನೀನು ಹೇಳಿದ್ದು ಸರಿ ಮಗಳೇ," ಎಂದಳು. "ನನ್ನ ಹತ್ರ ಬಾಗಿಲು ಇಲ್ಲ. ಅಗಳಿ ಕೊಡ್ತೇನೆ."

ಅಗಳಿ ಗೊತ್ತಲ್ಲ ಇಂಚರಾ? ನಮ್ಮ ಹಳೆಯ ಬಾಗಿಲಿಗೆ ಅಡ್ಡ ಸಿಕ್ಕಿಸುವ ಮರದ ಪಟ್ಟಿ. ಅದು ಹಾಕಿದರೆ ಹೊರಗಿನವರು ಎಷ್ಟು ದೂಡಿದರೂ ಬಾಗಿಲು ತೆರೆಯದು.

ಹವಳದಜ್ಜಿ ತನ್ನದೇ ಒಂದು ಕೊಂಬೆಯ ತುದಿಯನ್ನು ಲಟಕ್ಕನೆ ಮುರಿದಳು. ದಿನಕ್ಕೊಂದು ಎಳ್ಳಿನಷ್ಟು ಬೆಳೆಯುವವಳು, ಅಷ್ಟುದ್ದ ಬೆಳೆಯಲು ಎಷ್ಟು ವರ್ಷ ಬೇಕಾಗಿತ್ತೋ! ಚಿಕ್ಕಿ ಅದನ್ನು ಚಪ್ಪಟೆಯಣ್ಣನ ಬೆನ್ನಿಗೆ ಸೇರಿಸಿ ಮುಳ್ಳಿನ ಹಾಗೆ ಹೊಲಿದಳು. ಅವನು ಬಿರುಕಿನೊಳಗೆ ಹೋಗಿ ಮುಳ್ಳು ಎತ್ತಿದ. ಮುಳ್ಳಿನ ತುದಿ ಬಿರುಕಿನ ಮಾಡಿಗೆ, ಎಂದರೆ ಸೂರಿಗೆ, ತಾಗಿ ಗಟ್ಟಿ ನಿಂತಿತು.

ಇಳಿತದ ನೀರು ಬಂತು. ಅವನು ಕದಲಲಿಲ್ಲ. "ಚಿಕ್ಕಿ, ನಿಂತಿತು!" ಎಂದು ಕಿರುಚಿದ.

ಆದರೆ ಕಣ್ಣಿಗೆ ನಿದ್ದೆ ಹತ್ತಿದ್ದೇ ತಡ, ಮೈ ಸಡಿಲವಾಯಿತು. ಮೈ ಸಡಿಲವಾದದ್ದೇ ಮುಳ್ಳು ಮಡಚಿಕೊಂಡಿತು. ಸುಂಯ್! ಮತ್ತೆ ಎಳೆದುಕೊಂಡು ಹೋಯಿತು.

ವಾಪಸ್ ಬಂದವನ ಮುಖ ನೋಡಲಾಗಲಿಲ್ಲ ಚಿಕ್ಕಿಗೆ. ಅಷ್ಟರಲ್ಲಿ ಎರಡು ದಿನ ಕಳೆದುಹೋಗಿತ್ತು.

"ಅಗಳಿಗೆ ಹಿಂದಿನಿಂದ ಒಂದು ಬೆಣೆ ಬೇಕು," ಎಂದಳು ಅವಳು. "ಅಗಳಿ ಹಿಂದೆ ಬೀಳದ ಹಾಗೆ ತಡೆಯುವುದಕ್ಕೆ." ಸುತ್ತ ಹುಡುಕಿದಳು. ಕಲ್ಲು ದಪ್ಪವಾಯಿತು, ಚಿಪ್ಪು ತೆಳುವಾಯಿತು. ಕಡೆಗೆ ತನ್ನ ಕೈಯನ್ನೇ ನೋಡಿಕೊಂಡಳು. ಕಚಕ್ ಎಂದು ತನ್ನ ಚಿಮುಟದ ತುದಿ ಮುರಿದಳು. "ಎಂತ ಇಲ್ಲ, ಮುಂದಿನ ಸಲ ಚಿಪ್ಪು ಬದಲಿಸುವಾಗ ಮತ್ತೆ ಬರ್ತದೆ," ಎಂದು ನಕ್ಕಳು. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು.

ಆ ಚೂರನ್ನು ದೊಡ್ಡ ಮುಳ್ಳಿನ ಹಿಂದೆ ಹೊಲಿದಳು. ಈಗ ದೊಡ್ಡದು ಎದ್ದರೆ ಅದರ ಬುಡಕ್ಕೆ ಚಿಕ್ಕದು ಬಂದು ಒತ್ತಿ ನಿಲ್ಲುತ್ತಿತ್ತು. ಚಿಕ್ಕದು ಇರುವ ತನಕ ದೊಡ್ಡದು ಜಗ್ಗುವಂತಿಲ್ಲ.

ಚಪ್ಪಟೆಯಣ್ಣ ಬಿರುಕು ಹೊಕ್ಕ. ಮುಳ್ಳು ಎತ್ತಿದ. ಕಣ್ಣು ಮುಚ್ಚಿದ. ಇಳಿತದ ನೀರು ಬಂತು, ಎಳೆಯಿತು, ಬೈಯಿತು, ಹೋಯಿತು. ಅವನು ಮಲಗಿದ್ದ. ಲೋಕ ಹುಟ್ಟಿದ ಮೇಲೆ ಅವನಿಗೆ ಅದೇ ಮೊದಲ ನಿದ್ದೆ.

ಸೀಗಡಿ ಚಿಕ್ಕಿ ಬಹಳ ಹೊತ್ತು ಅವನನ್ನು ನೋಡುತ್ತಾ ಕುಳಿತಿದ್ದಳು. ಆಮೇಲೆ ಸುಸ್ತಾಗಿ ತನ್ನ ಕಟ್ಟೆಗೆ ಹೋಗಿ ಒರಗಿದಳು. ಗುರಿಕಾರನಿಗೆ ಬೆಳಿಗ್ಗೆ ಎದ್ದು ಹೇಳಿದರಾಯಿತು ಎಂದುಕೊಂಡಳು. ಅದೇ ಎಡವಟ್ಟಾಯಿತು.

ಮೂರನೇ ದಿನ ಸೂರ್ಯ ಹುಟ್ಟಿದ. ಊರವರು ಬಿರುಕಿನ ಮುಂದೆ ಬಂದು ನಿಂತರು.

"ಏ ಚಪ್ಪಟೆ, ಹೊರಗೆ ಬಾ!" ಎಂದಿತು ಗಿಳಿಮೀನು.

ಅವನು ಏಳಲಿಲ್ಲ. ತಿಂಗಳುಗಟ್ಟಲೆ ಬಾಕಿಯಿದ್ದ ನಿದ್ದೆ ಅದು, ಕೂಗಿದರೆ ಏಳುವಂಥದ್ದೇ?

"ಕಂಡ್ರಾ ಅವನ ಅಹಂಕಾರ! ಸಭೆಯ ಮಾತಿಗೆ ಬೆಲೆಯೇ ಇಲ್ಲ. ಹಗ್ಗ ತನ್ನಿ!"

ಪಾಚಿಯ ಹಗ್ಗ ತಂದರು. ಬೆನ್ನಿನ ದೊಡ್ಡ ಮುಳ್ಳಿಗೆ ಕಟ್ಟಿದರು. ಹಗ್ಗ ಹಿಡಿದು ಊರಿಗೆ ಊರೇ ಸಾಲಾಗಿ ನಿಂತಿತು. ನಮ್ಮವರು ದಡದಲ್ಲಿ ಸಾಲು ನಿಂತು ಕೈರಂಪಣಿ ಬಲೆ ಎಳೆಯುವುದಿಲ್ಲವೇ, ಥೇಟ್ ಹಾಗೆ. ಕೈರಂಪಣಿ ಎಳೆಯುವುದನ್ನು ನಮ್ಮ ಹಿರಿಯರು ಮೀನುಗಳಿಂದಲೇ ಕಲಿತರೆಂದು ನನ್ನ ಅತ್ತೆ ಹೇಳುತ್ತಿದ್ದರು. ಎಲ್ಲರೂ ಒಟ್ಟಿಗೆ ಎಳೆದರೆ ಬಾರದ್ದು ಯಾವುದೂ ಇಲ್ಲ ಎಂದು ಅವರ ನಂಬಿಕೆ.

"ಐಲೇಸಾ! ಐಸಾ!"

ಸೀಗಡಿ ಚಿಕ್ಕಿ ಗದ್ದಲಕ್ಕೆ ಎದ್ದು ಓಡಿ ಬಂದಳು. "ಎಳೀಬೇಡಿ ಮಾರಾಯ್ರೇ! ಎಳೀಬೇಡಿ!" ಐಲೇಸಾದ ನಡುವೆ ಅವಳ ದನಿ ಯಾರಿಗೆ ಕೇಳಬೇಕು?

"ಐಲೇಸಾ! ಐಸಾ!"

ಚಪ್ಪಟೆಯಣ್ಣನಿಗೆ ಎಚ್ಚರವಾಯಿತು. ಯಾರೋ ಎಳೆಯುತ್ತಿದ್ದಾರೆ! ನೀರೋ, ಶಾರ್ಕೋ, ಅವನಿಗೆ ಗೊತ್ತಾಗಲಿಲ್ಲ. ಹೆದರಿ ಮೈ ಬಿಗಿದ. ಮುಳ್ಳು ಇನ್ನೂ ಮೇಲೆ ಎದ್ದಿತು. ಅವರು ಎಳೆದಷ್ಟೂ ಅದು ಮೇಲಿನ ಮಾಡಿಗೆ ಒತ್ತಿತು. ಆ ಮಾಡು ಯಾವುದು? ಹವಳದಜ್ಜಿಯ ಬುಡ.

ಕರ್ರ್ ಎಂದು ಸದ್ದಾಯಿತು. ಅಜ್ಜಿಯ ಬುಡದಲ್ಲಿ ಒಂದು ಗೆರೆ ಮೂಡಿತು.

"ನಿಲ್ಲಿಸಿ ಮಕ್ಕಳೇ! ನಾನು ಬೀಳ್ತೇನೆ!" ಎಂದು ಹವಳದಜ್ಜಿ ಕೂಗಿದಳು. ಅವಳು ಕೂಗಿದ್ದು ಆ ತನಕ ಯಾರೂ ಕೇಳಿರಲಿಲ್ಲ.

ಹಗ್ಗ ಬಿಟ್ಟರು. ಆದರೆ ಬಿರುಕಿನೊಳಗೆ ಚಪ್ಪಟೆಯಣ್ಣ ಹೆದರಿಕೆಯಿಂದ ಒದ್ದಾಡುತ್ತಲೇ ಇದ್ದ. ಒಂದೊಂದು ಒದ್ದಾಟಕ್ಕೂ ಕರ್ರ್, ಕರ್ರ್. ಗೆರೆ ಉದ್ದವಾಗುತ್ತಾ ಹೋಯಿತು. ಅಜ್ಜಿ ಬಿದ್ದರೆ ಅವನೂ ಇಲ್ಲ, ಅವಳ ಮೈಮೇಲಿದ್ದ ಒಂದು ಮನೆಯೂ ಇಲ್ಲ.

"ಮುಳ್ಳು ಮಡಚಿಸಿ! ಒತ್ತಿ!" ಎಂದಿತು ಗಿಳಿಮೀನು. ದೊಡ್ಡ ಮುಳ್ಳಿನ ಮೇಲೆ ಎಲ್ಲರೂ ಬಿದ್ದು ಒತ್ತಿದರು. ಹಾವುಮೀನು ಸುತ್ತಿಕೊಂಡು ಒತ್ತಿತು. ಏಡಿ ಕಲ್ಲು ಹೇರಿ ಒತ್ತಿತು. ಅದು ಒಂದು ಕೂದಲಿನಷ್ಟೂ ಬಾಗಲಿಲ್ಲ.

"ಸರಿಯಿರಿ," ಎಂದಳು ಸೀಗಡಿ ಚಿಕ್ಕಿ.

ಈಗ ಕೇಳಿಸಿತು ಎಲ್ಲರಿಗೂ.

ಚಿಕ್ಕ ಮುಳ್ಳು ಇದ್ದದ್ದು ದೊಡ್ಡದರ ಹಿಂದೆ, ಬಿರುಕಿನ ಒಳಗೆ. ಹಿಂದಿನಿಂದ ನುಗ್ಗಿದರೆ ಒದ್ದಾಡುವ ಬಾಲ ಜಜ್ಜಿಬಿಡುತ್ತಿತ್ತು, ಅಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ. ಅದು ಅವನ ಬಾಯಿಯ ಮುಂದಿನಿಂದ. ಆ ಬಾಯಿ ಕಟಕಟ ಎಂದು ಕಂಡದ್ದನ್ನೆಲ್ಲ ಕಚ್ಚುತ್ತಿತ್ತು. ಅವನಿಗೆ ಚಿಕ್ಕಿ ಯಾರು, ಶಾರ್ಕ್ ಯಾರು ಎಂಬ ಗುರುತೇ ಇರಲಿಲ್ಲ.

ಚಿಕ್ಕಿ ಹತ್ತು ಕಾಲೂರಿ ನಿಂತಳು. ಮೀಸೆ ಎತ್ತಿದಳು.

ಟಕ್, ಟಕ್, ಟಕ್.

ಹಲ್ಲಿನ ಸದ್ದು ನಿಂತಿತು. ಬಾಯಿ ತೆರೆಯಿತು.

ಹೆದರಿಕೆ ಇನ್ನೂ ಇಳಿದಿರಲಿಲ್ಲ ಅವನಿಗೆ. ಆದರೂ ತೆರೆದ ಬಾಯಿ ತೆರೆದೇ ಇತ್ತು. ಚಿಕ್ಕಿ ಆ ಹಲ್ಲುಗಳ ಅಂಚಿನಿಂದಲೇ ನುಸುಳಿ, ಕಿವಿರು ದಾಟಿ, ಬೆನ್ನು ಹತ್ತಿದಳು. "ಹೆದರ್ಬೇಡ ಮಗ. ಇಲ್ಲಿ ಶಾರ್ಕ್ ಇಲ್ಲ. ನಾನು ಉಂಟು," ಎನ್ನುತ್ತಾ ಚಿಕ್ಕ ಮುಳ್ಳಿನ ಮೇಲೆ ತನ್ನ ಮುರಿದ ಕೈ ಇಟ್ಟು ಮೆಲ್ಲಗೆ ಒತ್ತಿದಳು.

ಚಿಕ್ಕದು ಮಡಚಿತು. ಅದರ ಹಿಂದೆಯೇ, ಊರೆಲ್ಲ ಸೇರಿ ಬಾಗಿಸಲಾಗದ ದೊಡ್ಡ ಮುಳ್ಳು ತಾನಾಗಿ ಮಲಗಿತು.

ಚಪ್ಪಟೆಯಣ್ಣ ಜಾರಿ ಹೊರಗೆ ಬಂದ. ಎಲ್ಲರೂ ದಡಬಡ ಹಿಂದೆ ಸರಿದರು. ಅವನು ಯಾರನ್ನೂ ಕಚ್ಚಲಿಲ್ಲ. ಬಾಯಿ ಇನ್ನೂ ತೆರೆದೇ ಇತ್ತು, ಪಾಪ. ಚಿಕ್ಕಿ ಬಂದು ಎರಡು ಸಲ ತಟ್ಟಿದ ಮೇಲೆ ಮುಚ್ಚಿದ.

"ನಾನು ಹೋಗ್ತೇನೆ," ಎಂದ. "ಒಂದು ಇಳಿತ ಪೂರ್ತಿ ಮಲಗಿದೆ. ಸಾಕು."

ಅಷ್ಟು ಕೇಳಿದ್ದೇ ಚಿಟ್ಟೆಮೀನು ಹತ್ತಿರ ಬಂತು. "ಇಷ್ಟು ದಿನ ನೀನು ಮಲಗಿಯೇ ಇರ್ಲಿಲ್ವಾ?" ಎಂದಿತು. ಅವನು ತಲೆಯಲ್ಲಾಡಿಸಿದ. ಚಿಕ್ಕಿ ನೀರಿನ ಕಥೆ, ಅಗಳಿಯ ಕಥೆ, ಬೆಣೆಯ ಕಥೆ ಎಲ್ಲ ಹೇಳಿದಳು. ಅಲೆ ಮೇಲಿನಿಂದ ಕೇಳಿಸಿಕೊಂಡಿತು. ಅಂದು ತಾನು ಹುಲ್ಲೆಂದು ಬಿಟ್ಟುಬಂದದ್ದು ಯಾರನ್ನೆಂದು ಅದಕ್ಕೆ ಈಗ ತಿಳಿಯಿತು.

ಗುರಿಕಾರ ಗಿಳಿಮೀನು ನೆಲ ನೋಡಿತು. ಗುರಿಕಾರರು ನೆಲ ನೋಡುವುದು ಅಪರೂಪ. "ತಪ್ಪಾಯ್ತು ಮಾರಾಯ," ಎಂದಿತು. "ನಾವು ದೊಡ್ಡದನ್ನೇ ಹಿಡಿದು ಎಳೆದೆವು. ಹಿಂದೆ ಚಿಕ್ಕದೊಂದು ಉಂಟಂತ ನೋಡ್ಲೇ ಇಲ್ಲ. ಆ ಗೂಡು ನಿಂದು. ಅದನ್ನು ಇನ್ನು ಯಾರೂ ಮುಟ್ಟುವುದಿಲ್ಲ."

"ಊಟ?" ಎಂದು ಕೇಳಿದ ಚಪ್ಪಟೆಯಣ್ಣ. ನಿದ್ದೆಯಾದ ಮೇಲೆ ಹಸಿವಾಗಬೇಕಲ್ಲ!

"ಏಡಿ, ಚಿಕ್ಕಿ ಬಿಟ್ಟು ಗಟ್ಟಿ ಚಿಪ್ಪಿನದ್ದೆಲ್ಲ ನಿಂಗೇ. ಹೊಟ್ಟೆ ತುಂಬ ತಿನ್ನು."

ಅವನು ಸ್ವಲ್ಪ ಯೋಚಿಸಿದ. "ನಾನೂ ಯಾರನ್ನೂ ಕಚ್ಚುವುದಿಲ್ಲ," ಎಂದ. ಆಮೇಲೆ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಸಣ್ಣ ದನಿಯಲ್ಲಿ ಸೇರಿಸಿದ: "ಆದರೆ ಹಸಿದಾಗ, ಮನೆ ಕಳಕೊಂಡಾಗ, ನನ್ನ ಮೇಲೆ ನಂಗೇ ಭರವಸೆ ಇಲ್ಲ."

ಅಂದಿನಿಂದ ಅವನ ಹೆಸರು ಅಗಳಿಯಣ್ಣ ಎಂದಾಯಿತು. ಹವಳದಜ್ಜಿಯ ಬುಡದ ಗೆರೆ ಎಳ್ಳೆಳ್ಳಾಗಿ ಕೂಡಿಕೊಂಡಿತು. ಅವನ ದೊಡ್ಡಪ್ಪನ ಮಕ್ಕಳು ಕೆಲವರು ಆ ದಿನ ದೂರದ ನೀರಿನಲ್ಲಿದ್ದರಂತೆ, ಈ ಮಾತುಕತೆ ಅವರಿಗೆ ತಲುಪಲೇ ಇಲ್ಲವಂತೆ. ಅವರ ಜೊತೆ ಈಗಲೂ ಹುಷಾರಾಗಿರಬೇಕು. ಎಲ್ಲರ ಮನೆಯಲ್ಲೂ ಅಂಥವರು ಒಬ್ಬಿಬ್ಬರು ಇರುತ್ತಾರೆ ಬಿಡು.

ಕಥೆ ಮುಗಿಯಿತು. ಇಂಚರ ತೊಟ್ಟಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಇನ್ನೊಂದು ಸಲ ಹೇಳು ನೋಡುವ, ಕೆಟ್ಟವನಾ?" ಎಂದು ಕೇಳಿದೆ.

"ಅಜ್ಜಿ, ಇವನ ಮನೆ ಎಲ್ಲಿ?" ಎಂದಳು.

ಹಿಂದೆ ಬಾಗಿಲಲ್ಲಿ ಸುಕೇಶ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ. ಕಮಾನಿನ ಹಾಗೆ ಜೋಡಿಸಿದ ಕಲ್ಲುಗಳನ್ನು ಅವನೂ ನೋಡುತ್ತಿದ್ದ.

"ಅಮ್ಮಾ, ಇವನು ಮೊದಲು ಮಲಗ್ತಿದ್ದ ಆ ತೂತಿನ ಕಲ್ಲು ನಾನು ಎಲ್ಲಿ ಇಟ್ಟದ್ದು?"

"ಬಾವಿಕಟ್ಟೆಯ ಮೇಲೆ. ಬೇಡ ಅಂತ ಬಿಸಾಡಿದ್ದೆಯಲ್ಲ ಮೊನ್ನೆ."

ಅವನು ಹೋಗಿ ತಂದ. ಕ್ಯಾನಿನಲ್ಲಿದ್ದ ಸಮುದ್ರದ ನೀರಿನಲ್ಲಿ ತೊಳೆದ. ಕಮಾನು ಬಿಚ್ಚಿ, ಆ ಕಲ್ಲನ್ನು ಮೊದಲಿದ್ದ ಮೂಲೆಯಲ್ಲೇ ಇಟ್ಟ. ನೋಡಲು ಚಂದವೇನೂ ಕಾಣಲಿಲ್ಲ. ಇಂಚರ ಎಡಗೈಯಿಂದ ಎರಡು ಮರುವಾಯಿ ಚಿಪ್ಪು ಹಾಕಿದಳು. ಇವನು ಕಟುಂ ಕಟುಂ ಎಂದು ಒಡೆದು ತಿಂದ. ಪುಟ್ಟ ಮೀನುಗಳು ಪಕ್ಕದಲ್ಲೇ ಸುಳಿದವು, ಇವನು ತಿರುಗಿಯೂ ನೋಡಲಿಲ್ಲ. ತಿಂದು ಮುಗಿಸಿ ಕಲ್ಲಿನ ತೂತಿನ ಸುತ್ತ ಒಂದು ಸುತ್ತು ಬಂದ. ಆಮೇಲೆ ಒಳಗೆ ಹೋದ.

"ನಾಳೆ ಅಂಗಡಿಗೆ?" ಎಂದು ಇಂಚರ ಅಪ್ಪನನ್ನು ನೋಡಿದಳು.

"ಅಂಗಡಿಗೆ ಎಂತಕ್ಕೆ? ಅವನ ಮನೆ ಇಲ್ಲಿ ಉಂಟಲ್ಲ," ಎಂದು ಹೇಳಿ ಸುಕೇಶ ತೊಟ್ಟಿಯ ದೀಪ ಸಣ್ಣ ಮಾಡಿದ.

ನೋಡು ಇಂಚರಾ, ಮೊದಲು ಹವಳದಜ್ಜಿ ಕೊಟ್ಟ ದೊಡ್ಡ ಮುಳ್ಳು ಏಳುತ್ತದೆ, ಅದರ ಬೆನ್ನಿಗೇ ಸೀಗಡಿ ಚಿಕ್ಕಿ ಕೊಟ್ಟ ಚಿಕ್ಕದು. ಅಂದು ಅವಳು ಮೆಲ್ಲಗೆ ಒತ್ತಿದ್ದು ಆ ಚಿಕ್ಕದನ್ನು, ಅದಕ್ಕೇ ಇವತ್ತಿಗೂ ಈ ಮೀನಿನ ದೊಡ್ಡ ಮುಳ್ಳನ್ನು ಊರೆಲ್ಲ ಸೇರಿ ಎಳೆದರೂ ಬಾಗಿಸಲಾಗದು, ಹಿಂದಿನ ಚಿಕ್ಕದನ್ನು ಒಂದು ಬೆರಳಿನಿಂದ ಮುಟ್ಟಿದರೆ ಎರಡೂ ತಾವಾಗಿ ಮಲಗುತ್ತವೆ.